ಯೇವಲಾದಲ್ಲಿ ಕೊಟ್ಟ ಹಳೆಯ ಪದ್ಯಗಳು

ಪ್ರೀತಿ, ಬೆಳದಿಂಗಳು, ಹೊಳೆದಂಡೆ ಎಂದು ಬರೆದೇ ಕೂದಲು ನೆರೆಸಿಕೊಂಡವನು ನಾನು. ಈಗ ಬೆಳದಿಂಗಳು ಕಂಡರೆ ಮೊದಲು ಕಿಟಕಿ ಹಾಕುತ್ತೇನೆ, ಸೊಳ್ಳೆ ಬರುತ್ತವೆ. ನಿಜ ಹೇಳಬೇಕೆಂದರೆ ಸಾಕಾಗಿ ಹೋಗಿದೆ.

ಎರಡು ವರ್ಷದ ಹಿಂದೆ ಬ್ಯಾಂಕು ನನ್ನನ್ನು ನಾಶಿಕ್‌ನಿಂದ ಛತ್ರಪತಿ ಸಂಭಾಜಿನಗರಕ್ಕೆ ಎತ್ತಿ ಹಾಕಿತು. ಹೆಂಡತಿಗೆ ನಾಶಿಕ್‌ನಲ್ಲೇ ಅಂಚೆ ಕಚೇರಿಯ ಕೆಲಸ, ಬಿಟ್ಟು ಬರುವ ಹಾಗಿರಲಿಲ್ಲ. ನಾಲ್ಕೈದು ತಾಸಿನ ದಾರಿ. ಕೊನೆಗೆ ನಡುವೆ ಸಿಗುವ ಯೇವಲಾದಲ್ಲಿ ಪ್ರತಿ ಭಾನುವಾರ ಭೇಟಿ ಎಂದು ಗೊತ್ತುಮಾಡಿಕೊಂಡೆವು. ಬಸ್‌ ಸ್ಟ್ಯಾಂಡಿನ ಎದುರು ಕುಂದಾಪುರದವರ ಹೋಟೆಲು, ಮೂಲೆಯ ಟೇಬಲ್ಲು. ಮೊದಲ ದಿನವೇ ಅವಳು ಷರತ್ತು ಹಾಕಿದಳು: “ಹೊಸಾ ಪದ್ಯಾ ತರಲಿಲ್ಲಂದ್ರ ಮುಂದಿನ ವಾರ ನಾ ಬರಂಗಿಲ್ಲ ನೋಡ್ರಿ.” ನಗುತ್ತಲೇ ಹೇಳಿದ್ದು. ನಾನೊಬ್ಬ ಹುಚ್ಚ, ನಿಜವೆಂದೇ ನಂಬಿದೆ.

ಬಸ್ಸಿನಲ್ಲಿ ಬ್ಯಾಂಕಿನ ಚಲನ್ ಹಿಂಬದಿಗೆ ಬರೆಯುತ್ತಿದ್ದೆ. ಅವಳು ಅದನ್ನು ನೋಟ್‌ಬುಕ್ಕಿಗೆ ಚೊಕ್ಕವಾಗಿ ಇಳಿಸಿ ತಾರೀಖು ಹಾಕುತ್ತಿದ್ದಳು. ಮದುವೆಯಾದಾಗಿನಿಂದ ನನ್ನ ಪದ್ಯಗಳ ನಕಲು ಅವಳದೇ. ಈ ಬೇಸಿಗೆಯಲ್ಲಿ ಪದ್ಯ ನಿಂತೇಹೋಯಿತು. ಕಿಟಕಿಯ ಹೊರಗೆ ಈರುಳ್ಳಿ ಟ್ರ್ಯಾಕ್ಟರುಗಳ ಸಾಲು, ತಲೆಯೊಳಗೆ ಏನೂ ಇಲ್ಲ. ಅವಳು ಬರದಿದ್ದರೆ ವಾರವಿಡೀ ಯಾವುದಕ್ಕೆ ಕಾಯಲಿ? ಹೆದರಿ ಹಳೆಯದನ್ನೇ ತೆಗೆದೆ. ಶ್ರಾವಣವನ್ನು ಚೈತ್ರ ಮಾಡಿದೆ, ಮಲ್ಲಿಗೆಯನ್ನು ಗುಲ್‌ಮೊಹರ್ ಮಾಡಿದೆ. ಹೀಗೆ ಆರು ವಾರ. ಪ್ರತಿ ಸಲವೂ “ಚಲೋ ಆಗೇದರಿ” ಎಂದಳು. ನಾನು ನಾಚಿಕೆಗೆಟ್ಟವನ ಹಾಗೆ ಇಡ್ಲಿ ತಿಂದೆ.

ಏಳನೆಯ ಭಾನುವಾರ ಅವಳು ಬಸ್ಸಿನಿಂದ ಇಳಿಯುವಾಗ ಕಂಬಿ ಹಿಡಿದು ನಿಂತುಬಿಟ್ಟಳು. ಮೊಣಕಾಲು ಬಾತಿತ್ತು. ಹೋಟೆಲಿನಲ್ಲಿ ಚಲನ್ ಕೊಟ್ಟೆ. ಮೊದಲ ಸಾಲು ನೋಡಿ ಮಡಚಿಟ್ಟಳು.

“ಯಾಕ, ಪೂರಾ ಓದಂಗಿಲ್ಲೇನು?”

“ಇದನ್ನ ನಾನ ನೋಟ್‌ಬುಕ್ಕಿನ್ಯಾಗ ಇಳಿಸೇನಿ, ನಾಕು ವರ್ಷದ ಹಿಂದ. ಹಿಂದಿನ ಆರೂ ಹಂಗ.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. “ಗೊತ್ತಿದ್ದೂ ಸುಮ್ಮ ಇದ್ದೆಲ್ಲಾ, ಯಾಕ?”

“ಹೇಳಿದ್ರ ನೀವು ಪೆನ್ನ ಮುಟ್ಟತಿದ್ದಿಲ್ಲ. ಮೂರು ತಿಂಗಳಾತು, ಬಸ್ಸಿನ ಮೆಟ್ಟಲಾ ಹತ್ತೂದ ಆಗವಲ್ದು. ನಾ ಬರಲಿಲ್ಲಂದ್ರ ನಿಮ್ಮ ಪದ್ಯಾ ನಿಂತೀತಂತ ಬಂದೆ.”

ಸಿಟ್ಟು ಬಂತು, ಅವಳ ಮೇಲಲ್ಲ. ಅವಳ ಹೆಜ್ಜೆ, ಅವಳ ಗೆಜ್ಜೆ ಎಂದು ಹಾಳೆಗಟ್ಟಲೆ ಬರೆದವನು, ಅವಳು ಕುಂಟುವುದನ್ನು ಮೂರು ತಿಂಗಳು ನೋಡಿರಲಿಲ್ಲ.

ಸಂಭಾಜಿನಗರದ ಬಸ್ಸು ಬಂದು ಹೋಯಿತು. ನಾನು ಅವಳನ್ನು ಹಿಡಿದುಕೊಂಡು ನಾಶಿಕ್ ಬಸ್ಸು ಹತ್ತಿದೆ. ಊರು ದಾಟುವ ಮೊದಲೇ ಅವಳು ನನ್ನ ಬಲಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ಎಷ್ಟೋ ವಾರಗಳ ಮೇಲೆ ಒಂದು ಸಾಲು ಹೊಳೆಯಿತು. ಚಲನ್, ಪೆನ್ನು ಎರಡೂ ಜೇಬಿನಲ್ಲಿದ್ದವು. ನಾನು ಬಲಗೈ ಅಲುಗಿಸಲಿಲ್ಲ. ದಾರಿಯಲ್ಲಿ ನಿಫಾಡ್ ಬರುವಷ್ಟರಲ್ಲಿ ಸಾಲು ಮರೆತುಹೋಗಿತ್ತು.