ದೇವರ ಮನೆಯಲ್ಲಿಟ್ಟ ಬಿಲ್ಲೆ

ಆಯುಧ ಪೂಜೆಯ ಹಿಂದಿನ ದಿನ ಮಗಳು ಹಿಂದೂಪುರದಲ್ಲಿ ರೈಲು ಇಳಿದು, ಮಧುಗಿರಿಯಲ್ಲಿ ಬಸ್ಸು ಬದಲಾಯಿಸಿ ಬಡವನಹಳ್ಳಿಗೆ ಬಂದಳು. ದಾರಿಯುದ್ದಕ್ಕೂ ಬ್ಯಾಗನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳಂತೆ. ಅವಳು ಬೆಂಗಳೂರಿನಲ್ಲಿ ಲೇಸರ್ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಾಳೆ. ಹೈದರಾಬಾದಿನ ಲ್ಯಾಬಿನಲ್ಲಿ ಒಂದು ಬಿಲ್ಲೆಯೊಳಗೆ ಗೆರೆ ಬರೆಸಿಕೊಂಡು ವಾಪಸು ಹೋಗುವಾಗ ಹಬ್ಬಕ್ಕೆಂದು ಮನೆ ಕಡೆ ತಿರುಗಿದ್ದಳು.

ನಾನು ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಿದ್ದೆ. ಅವಳು ಬ್ಯಾಗಿನಿಂದ ಒಂದು ಡಬ್ಬಿ ತೆಗೆದು ತೆರೆದು, ಮುಟ್ಟದೆ ನೋಡು ಅಂದಳು. ಕಲ್ಲುಸಕ್ಕರೆ ಚೂರಿನಷ್ಟು ಚಪ್ಪಟೆ ಬಿಲ್ಲೆ. ಪಿಂಗಾಣಿ ಜಾತಿಯದೇ ಅಂತೆ, ಪುಡಿ ಒತ್ತಿ ಸುಟ್ಟದ್ದು, ಆದರೂ ಗಾಜಿಗಿಂತ ತಿಳಿ. ರೆಪ್ಪೆ ಅಲುಗುವುದಕ್ಕಿಂತ ಎಷ್ಟೋ ಮೊದಲೇ ಹುಟ್ಟಿ ಸಾಯುವ ಬೆಳಕಿನ ಮಿಡಿತಗಳನ್ನು ಅದರೊಳಗೆ ಒಂದೇ ಕಡೆ ಕೂಡಿಸಿ ಗೆರೆ ಎಳೆಯುತ್ತಾರೆ. ಮೇಲೆ ಒಂದು ಗೀರೂ ಬೀಳುವುದಿಲ್ಲ. ಎರಡು ಗೆರೆಗಳು ಹೊಲದ ಎರಡು ಬದುಗಳಿದ್ದ ಹಾಗೆ, ನಡುವೆ ಬೆಳಕಿಗೊಂದು ಕಾಲುವೆ. ಈ ತುದಿಯಿಂದ ಬೆಳಕು ಬಿಟ್ಟರೆ ಆ ತುದಿಯಿಂದ ಲೇಸರ್ ಆಗಿ ಹೊರಡಬೇಕು. ಅಂಥ ಕಾಲುವೆಗಳು ಸಾಲಾಗಿ ಅದರೊಳಗಿದ್ದವು. ನನ್ನ ಕಣ್ಣಿಗೆ ಒಂದೂ ಕಾಣಲಿಲ್ಲ.

ಹಿಂದಿನ ಬಿಲ್ಲೆ ಗೆರೆ ಬರೆಯುವಾಗಲೇ ಬಿರುಕು ಬಿಟ್ಟಿತ್ತು. ಉಳಿದದ್ದು ಇದೊಂದೇ. ಇದು ಕೆಟ್ಟರೆ ಇಷ್ಟು ವರ್ಷದ ಓದು ಅರ್ಧಕ್ಕೇ ನಿಂತಂತೆ ಅಂದಳು, ಹೂರಣದ ರುಚಿ ನೋಡುತ್ತಾ, ಯಾರದೋ ವಿಷಯ ಹೇಳುವ ಹಾಗೆ.

ಮನೆಯ ತುಂಬ ನಮ್ಮ ಯಜಮಾನರು ಬಿಚ್ಚಿಟ್ಟ ಬೋರ್‌ವೆಲ್ ಮೋಟಾರಿನ ಸಾಮಾನು, ಎಣ್ಣೆ, ಜಿಡ್ಡು. ಅದಕ್ಕೇ ಡಬ್ಬಿಯನ್ನು ದೇವರ ಮನೆಯಲ್ಲಿಟ್ಟಳು. ಸ್ನಾನ ಮಾಡದೆ ಯಾರೂ ಕೈ ಹಾಕದ ಜಾಗ. ನನಗೂ ಅದೇ ಸರಿ ಕಂಡಿತು. ಆ ಸಂಜೆ ದೀಪದ ಬತ್ತಿ ಕಪ್ಪಗೆ ಹೊಗೆ ಕಾರುತ್ತಿತ್ತು. ಕುಡಿ ಚಿವುಟಿ ಸುಮ್ಮನಾದೆ.

ಬೆಳಿಗ್ಗೆ ಮಗಳು ತಲೆಗೆ ಎರೆದುಕೊಳ್ಳುತ್ತಿದ್ದಳು, ನಾನು ಒಲೆ ಮುಂದಿದ್ದೆ. ಪೂಜೆ ನಮ್ಮ ಅತ್ತೆಯದು. ಮುಗಿಸಿ ಹೊರಗೆ ಬಂದವರೇ, "ಮಗೂನೂ ತನ್ನ ಆಯುಧ ಇಟ್ಟಿತ್ತು ಕಣಮ್ಮ, ಪೂಜೆ ಮಾಡ್ಬುಟ್ಟೆ" ಅಂದರು. ಮುಖದಲ್ಲಿ ಎಂಥ ಸಂತೋಷ.

ಒಳಗೆ ಹೋಗಿ ನೋಡಿದೆ. ಮಚ್ಚು, ಕುಡುಗೋಲು, ಈಳಿಗೆಮಣೆ, ನನ್ನ ಹೊಲಿಗೆ ಕತ್ತರಿ, ಅವುಗಳ ನಡುವೆ ಬಾಯಿ ತೆರೆದ ಡಬ್ಬಿ. ಬಿಲ್ಲೆಯ ಮೇಲೆ ಕುಂಕುಮದ ಬೊಟ್ಟು. ನನ್ನ ಕೈ ತಾನಾಗಿ ಸೆರಗಿನ ತುದಿ ಹಿಡಿಯಿತು. ಹಿಂದಿನಿಂದ ಒದ್ದೆ ಕೈಯೊಂದು ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡಿತು.

"ಒರೆಸಬೇಡ ಅಮ್ಮ. ಒರೆಸಿದರೆ ಗೀರು ಬೀಳುತ್ತೆ."

ಅವಳ ಕೂದಲಿನಿಂದ ನೀರು ನನ್ನ ಭುಜಕ್ಕೆ ತೊಟ್ಟಿಕ್ಕುತ್ತಿತ್ತು. ಬೆಳಕು ಒಳಗೆ ಹೋಗುವುದು, ಹೊರಗೆ ಬರುವುದು ಸಣ್ಣ ಅಂಚುಗಳಿಂದ. ಅಲ್ಲಿ ಒಂದು ಕಣ ಕೂತರೂ ಆ ಬೆಳಕಿಗೆ ಸುಟ್ಟು ಕಾಲುವೆಯ ಬಾಯಿ ಕಟ್ಟಿಬಿಡುತ್ತದೆ ಎಂದು ಅಜ್ಜಿಗೆ ಬಿಡಿಸಿ ಹೇಳಿದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಅತ್ತೆ ಗೋಡೆ ಹಿಡಿದು ಕೂತರು. "ಬಾಯಿಗೆ ಇಟ್ಟಿಲ್ಲ ಕಣವ್ವ. ಮಚ್ಚಿಗಾಗ್ಲಿ ಕುಡ್ಲಿಗಾಗ್ಲಿ ಬಾಯಿಗೆ ಯಾರಾದ್ರೂ ಕುಂಕುಮ ಇಟ್ಟಾರಾ? ಅಂಚು ಮಿರ್‍ರನೆ ಮಿಂಚ್ತಿತ್ತು, ಅದೇ ಬಾಯಿ ಅಂತ ಬೆನ್ನಿಗೆ ಇಟ್ಟೆ."

ನೋಡಿದರೆ ನಿಜ. ಬೊಟ್ಟು ಅಗಲದ ಬೆನ್ನ ಮೇಲಿತ್ತು, ಅಂಚಿಗೆ ಒಂದು ಹುಡಿಯೂ ತಾಕಿರಲಿಲ್ಲ. ತಾಯಿ ಕಾಪಾಡಿದಳು ಎಂದು ನಾನು ಕೈ ಮುಗಿಯುವಷ್ಟರಲ್ಲಿ ಮಗಳು ಕೇಳಿದಳು, "ಅಜ್ಜಿ, ಡಬ್ಬಿ ತೆರೆದಿದ್ದಾಗಲೇ ಕರ್ಪೂರ ಹಚ್ಚಿದ್ಯಾ?"

ಅತ್ತೆ ತಲೆಯಾಡಿಸಿದರು. ಹಚ್ಚದೆ ಪೂಜೆ ಹೇಗಾಗುತ್ತದೆ? ಮಗಳು ಡಬ್ಬಿ ಮುಚ್ಚಿ, ಒಬ್ಬಟ್ಟಿಗೂ ಕೂರದೆ ಬಸ್ಸು ಹತ್ತಿದಳು.

ಅವಳು ಹೋದ ಮೇಲೆ ದೇವರ ಮೇಲಿನ ಗೋಡೆಗೆ ಬೆರಳು ಎಳೆದೆ. ದಿನಾ ಒರೆಸುವ ಟೈಲ್ಸು. ಬೆರಳು ಕಾಡಿಗೆ ಅದ್ದಿದಂತಾಯಿತು. ಕಂಡ ಕುಂಕುಮಕ್ಕೆ ನಾವು ಅಷ್ಟು ಹೆದರಿದ್ದೆವು. ಕಾಣದ ಮಸಿ ಆಗಲೇ ಬೆಂಗಳೂರಿನ ದಾರಿಯಲ್ಲಿತ್ತು.

ಗೊರವನಹಳ್ಳಿ ಲಕ್ಷ್ಮಿಗೆ ಮಡಿಲಕ್ಕಿ ಹರಸಿಕೊಂಡೆ. ಬಿಲ್ಲೆಯನ್ನು ತೊಳೆದು ಒಣಗಿಸುತ್ತಿದ್ದೇವೆ ಎಂದಷ್ಟೇ ಮೆಸೇಜು ಬಂತು. ಅತ್ತೆ ಊಟದ ತಟ್ಟೆ ಮುಂದೆ ಕೂತು, ಅನ್ನ ಕಲೆಸಿ, ಹಾಗೇ ಏಳುತ್ತಿದ್ದರು. ಕರ್ಪೂರದ ಪೊಟ್ಟಣವನ್ನು ಯಾರೂ ಹೇಳದೆ ಮೇಲಿನ ಅಟ್ಟಕ್ಕೆ ಹಾಕಿದ್ದರು.

ಒಂದು ಮಧ್ಯಾಹ್ನ ಫೋನು ಬಂತು. ತೊಳೆದರೂ ಮಸಿ ಪೂರ್ತಿ ಹೋಗಿರಲಿಲ್ಲ. ಬೆಳಕು ಬಿಡುತ್ತಿದ್ದಂತೆ ಒಂದೊಂದೇ ಕಾಲುವೆಯ ಬಾಯಿ ಕಪ್ಪಾಗುತ್ತಾ ಬಂತು. ನಡುವಿನದೊಂದು ಉಳಿದಿದೆ, ಅದರಿಂದ ಲೇಸರ್ ಬರುತ್ತಿದೆ, ಈಗಲೂ ಉರಿಯುತ್ತಿದೆ ಅಂದಳು. ಅಳತೆಯೆಲ್ಲ ಮುಗಿಯುವವರೆಗೆ, ಇನ್ನೂ ಎಷ್ಟೋ ದಿನ, ಅದೊಂದೇ ಉರಿಯಬೇಕು.

ಒಂದಾದರೂ ಉಳಿಸಿದಳಲ್ಲ ಮಹಾತಾಯಿ ಎಂದು ಕಣ್ಣಿಗೊತ್ತಿಕೊಂಡೆ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಹೆಂಗಿದೆಯಂತೆ ಬೆಳಕು, ಕೇಳು ಅಂದರು.

"ಆ ಬೆಳಕು ಕಣ್ಣಿಗೆ ಕಾಣಲ್ಲ ಅಮ್ಮ," ಅಂದಳು ಮಗಳು. "ಮೀಟರಿನಲ್ಲಿ ಅಂಕಿ ನಿಂತಿದ್ದರೆ ಇದೆ ಅಂತ."

"ನಿಂತಿದೆಯೇನೇ?"

ಅವಳು ಮೀಟರಿನ ಕಡೆ ತಿರುಗಿ ನೋಡಿದಳೇನೋ, ದನಿ ದೂರದಿಂದ ಬಂತು.

"ಸದ್ಯಕ್ಕೆ ನಿಂತಿದೆ."