ತೆಳು ಹಾಳೆಯ ಸ್ಪೀಕರಿಗೆ ಆಂಪ್ಲಿಫೈಯರ್ ಆರಿಸಿದ್ದು

ನಾನು ಓದಿದ್ದು ಮೂರನೇ ಕ್ಲಾಸು. ಮೂವತ್ತು ವರ್ಷ ಹಾನುಬಾಳಿನ ಸುತ್ತಮುತ್ತ ಮದುವೆ, ನಾಟಕ, ಚುನಾವಣೆಗೆಲ್ಲ ಮೈಕ್‌ಸೆಟ್ ಹಾಕಿದವನು. ಆಂಪ್ಲಿಫೈಯರ್ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ. ಹೇಳಿದವಳು ನನ್ನ ಮೊಮ್ಮಗಳು. ಅದನ್ನು ಬರೆಯಲು ಕೂತರೆ ಕೈಗಿಂತ ಬಾಯಿಯೇ ಮುಂದೆ ಓಡುತ್ತದೆ, ಏನು ಮಾಡಲಿ, ಅಷ್ಟು ಖುಷಿ.

ಆಗ ಅವಳು ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಕೊನೇ ವರ್ಷದಲ್ಲಿದ್ದಳು. ನಮ್ಮ ಪಕ್ಕದ ಎಸ್ಟೇಟಿನ ಅಮ್ಮಾವ್ರು ಹೇಳಿಕಳಿಸಿದರು. ತೀರಿಹೋದ ಯಜಮಾನರು ಹೊರದೇಶದಿಂದ ತರಿಸಿದ್ದ ಒಂದು ಜೋಡಿ ಸ್ಪೀಕರ್ ಇದ್ದವು. ಅವುಗಳ ಆಂಪ್ಲಿಫೈಯರ್ ಸಿಡಿಲಿಗೆ ಸುಟ್ಟುಹೋಗಿತ್ತು. ಬೇರೆಯದನ್ನು ಆರಿಸಿಕೊಡಬೇಕಿತ್ತು.

ಹೋಗಿ ನೋಡಿದರೆ ಬಾಗಿಲಿನಷ್ಟು ಎತ್ತರದ ಎರಡು ಚೌಕಟ್ಟು. ಒಳಗೆ ಕಾಗದದ ಕೋನ್ ಇಲ್ಲ, ಮ್ಯಾಗ್ನೆಟ್ ಇಲ್ಲ. ಎರಡು ತೂತಿನ ತಗಡುಗಳ ನಡುವೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ. ಸ್ಪೀಕರನ್ನೇ ಕರೆಂಟಿಗೆ ಸಿಕ್ಕಿಸಬೇಕು, ಆ ಹಾಳೆಗೆ ಸಾವಿರಾರು ವೋಲ್ಟ್ ಏರಿ ನಿಲ್ಲುತ್ತದೆ, ಅದು ಅಲುಗಿದರೆ ಹಾಡು. ಇದಕ್ಕೆ ಎಲೆಕ್ಟ್ರೋಸ್ಟಾಟಿಕ್ ಎನ್ನುತ್ತಾರೆ ಎಂದು ಮೊಮ್ಮಗಳು ಹೇಳಿಕೊಟ್ಟಳು.

"ಹಾಳೆಗೆ ಒಂದು ತೂತು ಬಿದ್ರೂ ಮುಗೀತು. ಇದನ್ನ ರಿಪೇರಿ ಮಾಡೋರು ಈಗ ಯಾರೂ ಇಲ್ಲ. ಅವರ ನೆನಪಿಗೆ ನನಗಿರೋದು ಇದೊಂದೇ. ಜವಾಬ್ದಾರಿ ತಗೊಳ್ತೀಯೇನಮ್ಮ?" ಎಂದರು ಅಮ್ಮಾವ್ರು.

ನಾನು ಬಾಯಿ ತೆರೆಯುವ ಮೊದಲೇ "ತಗೋತೀನಿ ಅಮ್ಮಾ" ಅಂದುಬಿಟ್ಟಳು.

ನಮ್ಮ ಕಸುಬಿನಲ್ಲಿ ಲೆಕ್ಕ ಒಂದೇ: ವ್ಯಾಟ್ ಎಷ್ಟು? ನನ್ನ ಒತ್ತಾಯಕ್ಕೆ ಅವಳು ಹಾಸನದ ಅಂಗಡಿಯಿಂದ ಮುನ್ನೂರು ವ್ಯಾಟಿನ ಹೊಸ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಪರೀಕ್ಷೆಗೆಂದು ತಂದಳು. ಯಜಮಾನರ ಪಿಟೀಲಿನ ಕ್ಯಾಸೆಟ್ ಹಾಕಿದೆವು. ಪಿಟೀಲು ಮೇಲಿನ ಸ್ವರಕ್ಕೆ ಏರಿದ್ದೇ ತಡ, ಪೆಟ್ಟಿಗೆ ಕೆಂಡದಂತೆ ಬಿಸಿಯಾಗಿ ಫ್ಯೂಸ್ ಹೋಯಿತು. ಅಮ್ಮಾವ್ರು ಕುರ್ಚಿಯಿಂದ ಎದ್ದು ನಿಂತರು.

"ಸ್ಪೀಕರಿಗೆ ಏನೂ ಆಗಿಲ್ಲ ಅಮ್ಮಾ" ಎಂದಳು ಮೊಮ್ಮಗಳು. ಆಮೇಲೆ ನನ್ನ ಕಡೆ ತಿರುಗಿ, "ಸ್ವರ ಮೇಲೆ ಹೋದಂಗೆಲ್ಲ ಈ ಸ್ಪೀಕರು ವೈರ್ ಶಾರ್ಟ್ ಆದಂಗೆ ಕರೆಂಟ್ ಎಳೀತೈತೆ ತಾತ. ಎಷ್ಟು ವ್ಯಾಟ್ ಅನ್ನೋದಲ್ಲ, ಆ ಎಳೆತ ತಡೀತೈತಾ ಅನ್ನೋದು ಮುಖ್ಯ."

"ತಡೆಯೋದು ಯಾವ್ದೈತೆ ಮಾರಾಯ್ತಿ?"

"ನಮ್ಮನೆ ಅಟ್ಟದ ಮೇಲೈತಲ್ಲ, ನಿನ್ನ ಮುದುಕರ ಜೋಡಿ."

ಬಲ್ಬಿನಂಥ ಗಾಜಿನ ವಾಲ್ವ್ ಇರುವ ನನ್ನ ಹಳೇ ಸೆಟ್‌ಗಳು! ಬರೀ ನಲವತ್ತು ವ್ಯಾಟ್. "ಅವು ಭಾಷಣಕ್ಕೆ ಲಾಯಕ್ಕು ಕಣವ್ವ, ಪಿಟೀಲಿಗಲ್ಲ" ಎಂದೆ.

"ಒಳಗೆಲ್ಲ ಬಿಸಿ, ಆದ್ರೂ ತಾಳ್ಮೆ ಜಾಸ್ತಿ. ನಿನ್ನಂಗೇ."

ಮಾರನೇ ದಿನ ಬೆಳಿಗ್ಗೆ ಎರಡನ್ನೂ ಜೀಪಿನಲ್ಲಿ ಒಯ್ದೆವು. ಅವಳು ಕ್ಯಾಸೆಟ್ ಪ್ಲೇಯರ್ ಜೋಡಿಸುತ್ತಿದ್ದಳು, ಸ್ಪೀಕರಿನ ವೈರನ್ನು ನನಗೆ ಕೊಟ್ಟಳು. ಸೆಟ್ಟಿನ ಹಿಂದೆ ಸಾಲಾಗಿ ಸ್ಕ್ರೂಗಳಿರುತ್ತವೆ. ಕೊನೆಯದು ನೂರು ವೋಲ್ಟಿನ ಲೈನು. ಗದ್ದೆ ದಾಟಿ ದೂರದ ಮರಕ್ಕೆ ಕಟ್ಟುವ ಹಾರ್ನಿಗೆ ವೈರು ಉದ್ದ, ಅದಕ್ಕೆ ಯಾವಾಗಲೂ ಆ ಕೊನೆಯದೇ. ಕೈ ತಾನಾಗಿ ಅಲ್ಲಿಗೇ ಹೋಗಿ ಬಿಗಿಮಾಡಿತು. ಸ್ವಿಚ್ಚಿನ ಮೇಲೆ ಬೆರಳಿಟ್ಟೆ.

"ತಡಿ ತಾತ."

ಟಾರ್ಚ್ ಹಿಡಿದು ಬಗ್ಗಿದಳು. ನಾನೂ ಬಗ್ಗಿ ನೋಡಿದೆ. ವೈರು ಕೊನೇ ಸ್ಕ್ರೂನಲ್ಲಿತ್ತು. ಆ ನೂರು ವೋಲ್ಟನ್ನು ಸ್ಪೀಕರಿನ ಒಳಗಿನ ಟ್ರಾನ್ಸ್‌ಫಾರ್ಮರ್ ಎಷ್ಟೋ ಪಟ್ಟು ಏರಿಸುತ್ತದೆ. ಸ್ವಿಚ್ ಒತ್ತಿದ್ದರೆ ಕಿಡಿ ಹಾರಿ ಹಾಳೆ ತೂತಾಗಿರುತ್ತಿತ್ತು.

"ಏನಾಯ್ತು ಅಲ್ಲಿ?" ಎಂದರು ಅಮ್ಮಾವ್ರು.

ಸುಮ್ಮನಿರಬಹುದಿತ್ತು, ಆಗಲಿಲ್ಲ. "ತಪ್ಪು ನಂದು ಅಮ್ಮಾವ್ರೇ. ಇವಳು ನೋಡ್ದೆ ಇದ್ದಿದ್ರೆ ನಿಮ್ಮ ಸ್ಪೀಕರ್ ಸುಟ್ಟೋಗ್ಬುಡೋದು."

"ಮೂವತ್ತು ವರ್ಷದ ಮೈಕಿನವರೇ ಹಿಂಗಾದ್ರೆ! ಬೇಡ ಮಾರಾಯ, ಬಿಚ್ಚಿಬಿಡಿ."

"ಮೂವತ್ತು ವರ್ಷ ಆಗಿರೋದಕ್ಕೇ ಹಿಂಗಾಗಿದ್ದು ಅಮ್ಮಾ" ಎಂದಳು ಮೊಮ್ಮಗಳು. "ಕೈಗೆ ಅಭ್ಯಾಸ ಬಿದ್ದೈತೆ. ಅದಕ್ಕೇ ನಾನು ನೋಡಿದ್ದು." ವೈರ್ ಬಿಚ್ಚಿ ಕಡಿಮೆ ವೋಲ್ಟಿನ ಮೊದಲನೇ ಸ್ಕ್ರೂಗೆ ಹಾಕಿದಳು, ಮೀಟರ್ ಇಟ್ಟು ಅಮ್ಮಾವ್ರಿಗೂ ತೋರಿಸಿದಳು. "ಒಂದೇ ಸ್ಪೀಕರ್, ಸಣ್ಣಗೆ ಇಡ್ತೀನಿ. ಸುಡೋ ಹಂಗಿದ್ರೆ ನಾನೇ ಕೈ ಹಾಕ್ತಿರಲಿಲ್ಲ."

ಅಮ್ಮಾವ್ರು ಆ ಚೌಕಟ್ಟನ್ನೊಮ್ಮೆ ನೋಡಿದರು. ಆಯ್ತು ಎಂದು ತಲೆಯಾಡಿಸಿದರು.

ವಾಲ್ವ್‌ಗಳು ನಿಧಾನಕ್ಕೆ ಕೆಂಪಾದವು. ಪಿಟೀಲು ಶುರುವಾಯಿತು. ನಿನ್ನೆ ಫ್ಯೂಸ್ ಹೋದ ಜಾಗ ಹತ್ತಿರ ಬಂತು. ಅಮ್ಮಾವ್ರು ಸೆರಗಿನ ತುದಿ ಮುದುರಿ ಹಿಡಿದಿದ್ದರು. ಸ್ವರ ಏರಿತು, ಇನ್ನೂ ಏರಿತು, ಏರಿ ಅಲ್ಲೇ ನಿಂತಿತು. ಪಿಟೀಲಿನವನು ಕೋಣೆಯಲ್ಲೇ ಕೂತಿದ್ದಾನೆ ಅನ್ನಬೇಕು! ಮೊಮ್ಮಗಳು ಬಿಸಿ ಮಿತಿಯಲ್ಲಿದೆಯೇ ಎಂದು ಪೆಟ್ಟಿಗೆ ಮುಟ್ಟಿ ನೋಡಿ, ಎರಡನೇ ಸ್ಪೀಕರಿಗೂ ವೈರ್ ಹಾಕಿದಳು.

ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಅಮ್ಮಾವ್ರು ಕೇಳಿದರು. ಆಮೇಲೆ ಕಣ್ಣೊರೆಸಿಕೊಂಡು, "ಇವೇ ಇಲ್ಲಿರ್ಲಿ" ಎಂದರು.

ಆ ಭಾನುವಾರ ಬೆಳಗೋಡಿನ ಮದುವೆಗೆ ಕೊಡಲು ಒಪ್ಪಿಕೊಂಡಿದ್ದು ಅದೇ ಸೆಟ್‌ಗಳನ್ನು. ಬೇರೆ ಮೈಕ್‌ಸೆಟ್ ನೋಡಿಕೊಳ್ಳಿ ಎಂದು ಆ ಮನೆಯವರಿಗೆ ಹೇಳಲು ಅಲ್ಲಿಂದಲೇ ಬಸ್ ಹತ್ತಿದೆ. ಕಂಡಕ್ಟರ್ ಬಂದ.

"ನನ್ನ ಮೊಮ್ಮಗಳು ಆಂಪ್ಲಿಫೈಯರ್ ಆರಿಸಿದ್ಲು ಕಣಪ್ಪ" ಎಂದೆ.

"ಆಯ್ತು ಯಜಮಾನ್ರೇ, ಎಲ್ಲಿಗೆ ಹೇಳಿ."