ನಾನು ತೊಳೆದ ಕುಪ್ಪಿ

ತೊಳೆಯದ ಪಾತ್ರೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ಮಕ್ಕಳೇ. ನಮ್ಮ ಜೈನರ ಮನೆಯಲ್ಲಿ ನಿನ್ನೆ ಬೆಳಗಿ ಕವುಚಿಟ್ಟ ತಪಲೆಯನ್ನೂ ಇಂದು ಬಟ್ಟೆಯಲ್ಲಿ ಸೋಸಿದ ನೀರಿನಿಂದ ಮತ್ತೊಮ್ಮೆ ತೊಳೆಯದೆ ಒಲೆಗೆ ಏರಿಸುವುದಿಲ್ಲ. ಒಳಗೆ ಸಣ್ಣದೊಂದು ಜೀವ ಸೇರಿಕೊಂಡಿದ್ದರೆ? ನಿಮ್ಮ ಅಜ್ಜ ಇದ್ದಾಗ, "ನನ್ನನ್ನೂ ಒಂದು ದಿನ ತೊಳೆದು ಕವುಚಿ ಇಡ್ತಿ ನೀನು, ಮಾರಾಯ್ತಿ" ಎಂದು ನಗುತ್ತಿದ್ದರು.

ಇದೇ ಕೈ ಮೊನ್ನೆ ಮೂಡಬಿದಿರೆಯಲ್ಲಿ ನಿಮ್ಮ ಅಕ್ಕ ಸನ್ಮತಿಯ ಪ್ರಾಜೆಕ್ಟನ್ನೇ ಕೆಡಿಸಲು ಹೊರಟಿತ್ತು.

ಅಂದು ಅವಳ ಕಾಲೇಜಿನಲ್ಲಿ ಮನೆಯವರಿಗೆ ಪ್ರಯೋಗಾಲಯ ತೋರಿಸುವ ದಿನ. ನಾರಾವಿಯಿಂದ ಬಸ್ಸಿನಲ್ಲಿ ಹೋಗುವಾಗ ಅವಳು ಕಾರ್ಬಮೇಟ್ ಎಂಬ ರಾಸಾಯನಿಕ ಮಾಡುವ ಬಗೆ ವಿವರಿಸಿದಳು. ಹಿಂದೆ ಅದಕ್ಕೆ ಫಾಸ್ಜೀನ್ ಎಂಬ ಘೋರ ವಿಷಾನಿಲ ಬೇಕಿತ್ತಂತೆ. ಈಗ ನಾವು ಉಸಿರಲ್ಲಿ ಬಿಡುವ ಅನಿಲದಿಂದಲೂ ಮಾಡಲು ಕಲಿತಿದ್ದಾರಂತೆ. ಅವಳದು ಇನ್ನೊಂದು ದಾರಿ. ಐಸೊಸಯನೇಟ್ ಎಂಬ ದ್ರವಕ್ಕೆ ಆಲ್ಕೊಹಾಲ್ ಜೊತೆಯಾದರೆ ಕಾರ್ಬಮೇಟ್. ಆಲ್ಕೊಹಾಲಿನ ಆಮ್ಲಜನಕದ ಜಾಗದಲ್ಲಿ ಗಂಧಕವಿದ್ದರೆ ಥಯೋಕಾರ್ಬಮೇಟ್.

"ಆದರೆ ನೀರು ತಾಗಬಾರದು ಅಜ್ಜಿ. ನೀರು ಕರೆಯದೆ ಬಂದು ಮದುಮಗ ಆಲ್ಕೊಹಾಲಿನ ಮಣೆಯಲ್ಲೇ ಕೂತುಬಿಡ್ತದೆ. ಮತ್ತೆ ಆಗುವುದು ಕಾರ್ಬಮೇಟ್ ಅಲ್ಲ, ಯೂರಿಯಾ."

ನಾನು ತಲೆಯಾಡಿಸಿದೆ. ಅರ್ಥವಾಗದ್ದಕ್ಕೆಲ್ಲ ತಲೆಯಾಡಿಸುವುದು ಐದನೇ ತರಗತಿಯಿಂದಲೂ ನನ್ನ ವಿದ್ಯೆ.

ಅಲ್ಲಿ ಅವಳು ಕುಲುಮೆಯಂಥ ಪೆಟ್ಟಿಗೆಯಿಂದ ಒಂದು ಗಾಜಿನ ಕುಪ್ಪಿ ತೆಗೆದು, ಆರಲು ಮೇಜಿನ ಮೇಲಿಟ್ಟು, ಮೇಷ್ಟ್ರನ್ನು ಕರೆಯಲು ಹೋದಳು. ಬಿಸಿ ಆರಿದ ಮೇಲೂ ಕುಪ್ಪಿ ಬಾಯಿ ತೆರೆದುಕೊಂಡು ಕೂತಿತ್ತು. ಪಕ್ಕದಲ್ಲೇ ನಲ್ಲಿ. ಸೆರಗನ್ನು ನಲ್ಲಿಗೆ ಹಿಡಿದು ಸೋಸಿ, ತೊಳೆದು, ಆ ಸೆರಗಿನ ಒಣ ತುದಿಯಿಂದಲೇ ಒರೆಸಿಟ್ಟೆ. ಮೊದಲಿಗಿಂತ ಹೊಳೆಯಿತು. ನನಗೆ ಬಹಳ ಸಮಾಧಾನವಾಯಿತು.

ಮೇಷ್ಟ್ರು ಬಂದರು. ಹಿಂದೆಯೇ ಹತ್ತಿಪ್ಪತ್ತು ಅಪ್ಪಅಮ್ಮಂದಿರು. ಸನ್ಮತಿ ಕನ್ನಡಕ ಹಾಕಿ, ಗಾಜಿನ ಕಪಾಟಿನೊಳಗೆ ಕುಪ್ಪಿ ನಿಲ್ಲಿಸಿ, ಆಲ್ಕೊಹಾಲ್ ಸುರಿದಳು. ಆಮೇಲೆ ಸಿರಿಂಜು ಎತ್ತಿ, "ಇದು ನಮ್ಮ ಕೊನೆಯ ಐಸೊಸಯನೇಟ್. ಇದು ಹೋದರೆ ಈ ವರ್ಷ ಮತ್ತೆ ಇಲ್ಲ. ಒಂದು ಹನಿ ನೀರಿದ್ದರೂ ಕೆಟ್ಟಿತು" ಎಂದಳು.

ಬಸ್ಸಿನ ಮಾತು ಆಗ ನನಗೆ ಅರ್ಥವಾಯಿತು.

ನನ್ನ ಮದುವೆಯ ಮಾತುಕತೆಯಲ್ಲೂ ನಾನು ಬಾಯಿ ತೆರೆದವಳಲ್ಲ. ಪರಗಂಡಸರ ಮುಂದೆ ನೀರು ಬೇಕೆಂದು ಕೇಳಿದವಳೂ ಅಲ್ಲ. ಹೇಳಿದರೆ ಎಲ್ಲರೂ ನಗುತ್ತಾರೆ, ಮಗುವಿಗೂ ಅವಮಾನ. ಹೇಳದಿದ್ದರೆ ಯಾರಿಗೂ ತಿಳಿಯುವುದೇ ಇಲ್ಲ. ಆ ಎರಡನೆಯ ಯೋಚನೆ ಎಷ್ಟು ಮೆತ್ತಗಿತ್ತು ಎಂದರೆ, ಅದರ ಮೇಲೆ ತಲೆಯಿಟ್ಟು ಮಲಗಬಹುದಿತ್ತು. ಸೂಜಿ ಕುಪ್ಪಿಯ ಬಾಯಿಗೆ ಇಳಿಯಿತು.

"ಉಂತ್!"

ನಿಲ್ಲು ಎಂದು ತುಳುವಿನಲ್ಲಿ ಕಿರುಚಿದವಳು ನಾನೇ. ಎಲ್ಲರೂ ತಿರುಗಿದರು. "ನಾನು ಅದನ್ನು ತೊಳೆದೆ ಮಗಾ."

"ಯಾವಾಗ?"

"ನೀನು ಆಚೆ ಹೋದಾಗ. ಸೋಸಿಯೇ ತೊಳೆದದ್ದು."

ಅವಳ ಜೊತೆ ಓದುವ ಮಕ್ಕಳು ಗೊಳ್ಳೆಂದು ನಕ್ಕರು. ಮೇಷ್ಟ್ರು ನಗಲಿಲ್ಲ. "ಸೋಸಿದ್ದು ಒಳ್ಳೆದಾಯ್ತು ಅಜ್ಜಿ, ಹೇಳಿದ್ದು ಇನ್ನೂ ಒಳ್ಳೆದಾಯ್ತು" ಎಂದು ಬೇರೆ ಕುಪ್ಪಿ ಒಣಗಿಸಲು ಇಡಿಸಿದರು. ಸನ್ಮತಿ ಮಾತ್ರ, "ಅಜ್ಜಿ, ಇನ್ನು ಕೈ ಕಟ್ಟಿ ಕೂತುಕೊಳ್ಳಿ, ಆಯ್ತಾ?" ಎಂದು ಗದರಿದಳು. ಕೂತೆ.

ನಾನು ಧೈರ್ಯ ಮಾಡಿದೆ ಎಂದು ಅವಳು ಮನೆಯಲ್ಲಿ ಹೇಳುತ್ತಾಳೆ, ನಂಬಬೇಡಿ. ಸಿರಿಂಜಿನೊಳಗಿನ ದ್ರವ ನನ್ನ ನಾಚಿಕೆ ಮುಗಿಯಲಿ ಎಂದು ಕಾಯುವಂಥದ್ದಲ್ಲ. ಕಾದದ್ದು ಅದನ್ನು ಹಿಡಿದ ಅವಳ ಕೈ. ಅಜ್ಜಿಯ ದನಿ ಕೇಳಿದ ಕೂಡಲೇ, ಏಕೆಂದು ಕೇಳುವ ಮೊದಲೇ ನಿಂತಿತ್ತು.